ತಿಪ್ಪೆಯೊಳಗೆ ಮೊಣಕೈವರೆಗೆ

ಸೊಪ್ಪು ಬೆಳೆಸುವ ಕಂಪನಿಗಳಿಗೆ ಹೊಸದಾಗಿ ಸೇರಿದವರು ಈಗಲೂ ಒಮ್ಮೊಮ್ಮೆ ನನಗೆ ಫೋನ್ ಮಾಡುತ್ತಾರೆ. "ಸಾರ್, ಫೀಲ್ಡಿಗೆ ಹೋಗುವಾಗ ಏನೇನು ತಗೊಂಡು ಹೋಗಬೇಕು?" ಅಂತ ಕೇಳುತ್ತಾರೆ. ಮಣ್ಣಿನ ಹುಳಿ ಅಳೆಯುವ ಯಂತ್ರ, ಮೊಬೈಲಿನ ಆ್ಯಪು, ಅಂಥದ್ದೇನೋ ಹೇಳುತ್ತೇನೆ ಅಂದುಕೊಂಡಿರುತ್ತಾರೆ. ನಾನು ಹೇಳುವುದು ಒಂದೇ ಮಾತು: ಅರ್ಧ ತೋಳಿನ ಅಂಗಿ ಹಾಕಿಕೊಂಡು ಹೋಗಿ. ಅವರು ನಗುತ್ತಾರೆ. ನಗಲಿ. ಯಾಕೆ ಹಾಗೆ ಹೇಳುತ್ತೇನೆ ಅನ್ನುವುದಕ್ಕೆ ಇಷ್ಟು ಬರೆಯಬೇಕಾಯಿತು.

ಬೆಂಗಳೂರಿನ ಹೋಟೆಲುಗಳಿಗೆ ತರಕಾರಿ ಕಳಿಸುವ ಒಂದು ಕಂಪನಿಯಲ್ಲಿ ನಾನು ಫೀಲ್ಡ್‌ಮನ್ ಆಗಿದ್ದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ನಾಲ್ಕು ತಾಲ್ಲೂಕಿಗೆ ಒಂದು ಬೈಕು, ಒಬ್ಬ ನಾನು. ರೈತರಿಂದ ಲೆಟ್ಯೂಸ್ ಬೆಳೆಸುವುದು, ಅದಕ್ಕೆ ಬೇಕಾದ ಗೊಬ್ಬರ ಹೊಂದಿಸುವುದು, ಕೊಯ್ಲಿನ ದಿನ ನಿಂತು ಕ್ರೇಟು ತುಂಬಿಸುವುದು ನನ್ನ ಕೆಲಸ. ಓದಿದ್ದು ಏಳನೇ ಕ್ಲಾಸು. ಅಂಥವನನ್ನು ಕಂಪನಿಯವರು ಯಾಕೆ ತಗೊಂಡರು ಅಂದರೆ, ಅದಕ್ಕೂ ಮೊದಲು ಹತ್ತಾರು ವರ್ಷ ನಾನು ಕುರಿಗೊಬ್ಬರದ ದಲ್ಲಾಳಿಯಾಗಿದ್ದೆ. ಯಾವ ಹಟ್ಟಿಯಲ್ಲಿ ಎಷ್ಟು ಗೊಬ್ಬರ ಬಿದ್ದಿದೆ ಅನ್ನುವುದು ನನಗೆ ಬಾಯಿಪಾಠ.

ಆ ವ್ಯಾಪಾರಕ್ಕೆ ನನ್ನ ಬಂಡವಾಳ ನಾಲಿಗೆ ಮಾತ್ರ. ಪಾವಗಡದ ಕಡೆ ಕಡಲೆಕಾಯಿ ಬಿಡಿಸಿದ ಮೇಲೆ ಬಳ್ಳಿ ಮಿಗುತ್ತಿತ್ತು. ಮಧುಗಿರಿಯ ಕಡೆ ಕುರಿ ಸಾಕುವವರಿಗೆ ಬೇಸಿಗೆಯಲ್ಲಿ ಮೇವು ಸಾಲುತ್ತಿರಲಿಲ್ಲ. ಬಳ್ಳಿ ಈ ಕಡೆಗೆ, ಗೊಬ್ಬರ ಆ ಕಡೆಗೆ, ನಡುವೆ ನಾನು. ಇಷ್ಟು ಲೋಡು ಬಳ್ಳಿಗೆ ಇಷ್ಟು ಲೋಡು ಗೊಬ್ಬರ ಅಂತ ಮಾತು. ಒಂದು ಬೆಳಗ್ಗೆ ಶುರುವಾದ ಚೌಕಾಸಿ ಮಧ್ಯಾಹ್ನದ ಮುದ್ದೆಯವರೆಗೂ ನಡೆಯುತ್ತಿತ್ತು. ಶಿರಾದ ಬಾಬು ಸಾಬರು ತಮ್ಮ ಲಾರಿಯ ನೆರಳಲ್ಲೇ ಕೂತು ಕಾದು ಕಾದು ಬೇಸತ್ತು ಕೂಗುತ್ತಿದ್ದರು: "ಅರೇ ರಂಗಣ್ಣ, ನೀನು ಮಾತು ಮುಗಿಸೋದ್ರೊಳಗೆ ಆ ಗೊಬ್ಬರ ಮಣ್ಣಾಗೋಗ್ತದೆ. ಜಲ್ದಿ ಮಾಡು ಮಾರಾಯ!"

ಆ ದಿನಗಳು ಈಗಲೂ ಕಣ್ಣಿಗೆ ಕಟ್ಟುತ್ತವೆ. ಬೆಳಗಿನ ಹೊತ್ತು ಕುರಿ ಮೇಯಲು ಹೊರಟ ಮೇಲೆ ಖಾಲಿ ಕುರಿದೊಡ್ಡಿಯಲ್ಲಿ, ನಮ್ಮ ಕಡೆಯ ಮಾತಲ್ಲಿ ರೊಪ್ಪದಲ್ಲಿ, ಉಳಿಯುವ ಬೆಚ್ಚನೆ ವಾಸನೆ, ಮುಳ್ಳುಬೇಲಿಗೆ ಸಿಕ್ಕಿಕೊಂಡ ಉಣ್ಣೆಯ ಎಳೆ, ಬೇಲಿಯ ಆಚೆ ನಿಂತು "ಕುರಿ ನಮ್ದು, ಬಾಯಿ ನಿಂದು" ಅಂತ ಹಂಗಿಸುವ ಹೆಂಗಸರು. ನನಗೆ ಒಂದು ಸೂತ್ರ ಕೈಹತ್ತಿತ್ತು: ಮಾರುವವನು "ಬೇಡ" ಅಂದರೆ ಅದರ ಅರ್ಥ "ಇನ್ನೊಂದಿಷ್ಟು ಸೇರಿಸು". ಈ ಸೂತ್ರ ಎಷ್ಟೋ ವರ್ಷ ನನ್ನ ಕೈಬಿಡಲಿಲ್ಲ.

ಲೆಟ್ಯೂಸ್ ಬಂದಾಗ ನಮ್ಮ ಕಡೆ ಅದನ್ನು ಕಂಡವರೇ ಇರಲಿಲ್ಲ. ಪಾವಗಡದ ಹತ್ತಿರ ಒಬ್ಬ ಅಜ್ಜ ಎಲೆಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ, "ಈ ಆಕು ಎವುರು ತಿಂಟಾರಪ್ಪಾ? ಮಾ ಮೇಕ ಕೂಡಾ ತಿನದು" ಅಂದ, ಈ ಎಲೆಯನ್ನು ತನ್ನ ಮೇಕೆಯೂ ತಿನ್ನದು ಅಂತ. ಅವನ ಮೇಕೆ ಅಷ್ಟರಲ್ಲಿ ಹಿಂದಿನಿಂದ ಬಂದು ಅವನ ಕೈಯಲ್ಲಿದ್ದ ಎಲೆಯನ್ನೇ ಎಳೆದುಕೊಂಡು ತಿಂದಿತು. ಬಡವನಹಳ್ಳಿ ಸಂತೆಯಲ್ಲಿ ಒಬ್ಬಾಕೆ ಅಂದಿದ್ದು ಇನ್ನೂ ಚೆನ್ನಾಗಿತ್ತು: "ಇದೇನಣ್ಣ, ಎಲೆಕೋಸು ಗಡ್ಡೆ ಕಟ್ಟೋದ್ನೇ ಮರ್ತ್ಬುಟ್ಟಂಗೈತೆ!"

ಈ ಸೊಪ್ಪಿನ ಗುಣ ಹೇಳುತ್ತೇನೆ, ಬರೆದುಕೊಳ್ಳಿ. ಬೇರು ಮೇಲ್ಮೇಲೆ ಓಡಾಡುತ್ತದೆ, ಆಳಕ್ಕೆ ಇಳಿಯುವ ಜಾತಿಯಲ್ಲ. ತಂಪು ಬೇಕು. ಕಾರ್ತಿಕದಲ್ಲಿ ನೆಟ್ಟರೆ ಸರಿ. ಶಿವರಾತ್ರಿಯ ಬಿಸಿಲು ತಾಗಿದರೆ ನಡುವಿನಿಂದ ದಂಟು ಹೊರಟು ಎಲೆ ಕಹಿಯಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಮಾತು, ಇದನ್ನು ಬೇಯಿಸದೆ ತಿನ್ನುತ್ತಾರೆ. ಹಾಗಾಗಿ ಹಸಿ ಗೊಬ್ಬರ ಇದರ ಹತ್ತಿರಕ್ಕೂ ಬರಬಾರದು. ಗಿಡಕ್ಕೂ ಕೇಡು, ತಿನ್ನುವವರ ಹೊಟ್ಟೆಗೂ ಕೇಡು.

ನನ್ನ ಮೇಲಿನ ಅಧಿಕಾರಿ ಶೈಲಜಾ ಮೇಡಂ. ಕೃಷಿ ಓದಿದವರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಮೊದಲ ವರ್ಷ ಅವರನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಕೊರಟಗೆರೆಯ ಹತ್ತಿರ ಒಂದು ತೋಟದಲ್ಲಿ ಲೆಟ್ಯೂಸ್ ಬೆಳೆಯದೆ ಕುಗ್ಗಿ ಕೂತಿತ್ತು. ಎಲೆಯ ಅಡಿ ನೇರಳೆ ಬಣ್ಣಕ್ಕೆ ತಿರುಗಿತ್ತು. ನಾನು ಸೂಪರ್ ಫಾಸ್ಫೇಟನ್ನು ಧಾರಾಳವಾಗಿ ಮಡಿಯ ಮೇಲೆ ಎರಚಿಸಿದ್ದೆ. ಮೇಡಂ ಬಂದು ನೋಡಿ ಕೇಳಿದರು, "ರಂಗಣ್ಣ, ಸೂಪರ್ ಹಾಕಿದ್ದೀರಾ?"

"ಹಾಕದೇ ಏನು ಮೇಡಂ! ಚೀಲಗಟ್ಟಲೆ ಎರಚಿದ್ದೀನಿ."

"ಗಿಡಕ್ಕೆ ಹಾಕಿದ್ದೀರೋ, ಮಣ್ಣಿಗೆ ಹಾಕಿದ್ದೀರೋ?"

ನನಗೆ ಸಿಟ್ಟು ಬಂತು. ಮಣ್ಣಿಗೆ ಹಾಕದೆ ಗಿಡದ ಬಾಯಿಗೆ ಇಡುವುದಕ್ಕಾಗುತ್ತದೆಯೇ? ಆಮೇಲೆ ಅವರು ಬದುವಿನ ಮೇಲೆ ಕೂತು ಬಿಡಿಸಿ ಹೇಳಿದರು. ನಮ್ಮ ಕೆಂಪು ಮಣ್ಣು ಫಾಸ್ಫೇಟನ್ನು ಕಂಡರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಬೇರಿಗೆ ಬಿಟ್ಟುಕೊಡುವುದಿಲ್ಲ. ಚೆನ್ನಾಗಿ ಕಳಿತ ಗೊಬ್ಬರದ ಜೊತೆ ಅದನ್ನು ಮೊದಲೇ ಬೆರೆಸಿ, ತೇವ ಮಾಡಿ, ಗೋಣಿ ಮುಚ್ಚಿ ಮೂರು ವಾರ ಇಟ್ಟರೆ, ಗೊಬ್ಬರ ಅದನ್ನು ಮಣ್ಣಿನ ಕೈಗೆ ಸಿಗದ ಹಾಗೆ ಕಾಯ್ದುಕೊಂಡು ಬೇರಿಗೆ ತಲುಪಿಸುತ್ತದೆ. ಮೇಲೆ ಎರಚಬಾರದು, ನೆಡುವ ಸಾಲಿನಲ್ಲಿ ನಾಲ್ಕು ಬೆರಳು ಆಳಕ್ಕೆ ಕೊಡಬೇಕು. ಎಷ್ಟು ಅನ್ನುವುದನ್ನು ಮಣ್ಣು ಪರೀಕ್ಷೆ ಹೇಳುತ್ತದೆ, ನಮ್ಮ ಧಾರಾಳತನವಲ್ಲ.

ನಾನಂದೆ, "ಅಂದ್ರೆ ಮೇಡಂ, ಮಣ್ಣು ಜಿಪುಣ ಸಾವ್ಕಾರ. ಗೊಬ್ಬರ ದಲ್ಲಾಳಿ. ಅವನಿಲ್ಲದೆ ಮಾಲು ಕೈ ಬದಲಾಗಲ್ಲ."

ಮೇಡಂ ನಕ್ಕುಬಿಟ್ಟರು. "ಹೌದು. ಆದ್ರೆ ದಲ್ಲಾಳಿ ನಂಬಿಗಸ್ಥನಾಗಿರಬೇಕು ರಂಗಣ್ಣ." ಆ ಮಾತು ಆಗ ನನಗೆ ತಾಗಲಿಲ್ಲ.

ಅಲ್ಲೇ ಎರಡು ಮಡಿ ಮಾಡಿ ಹೋಲಿಸಿದೆವು. ಒಂದಕ್ಕೆ ಬರೀ ಸೂಪರ್, ಇನ್ನೊಂದಕ್ಕೆ ಗೊಬ್ಬರದಲ್ಲಿ ಕಳಿತ ಸೂಪರ್. ಕೊಯ್ಲಿಗೆ ಬಂದಾಗ ಎರಡನೇ ಮಡಿಯ ಗಿಡವನ್ನು ಎರಡು ಕೈಯಲ್ಲಿ ಎತ್ತಬೇಕಾಗಿತ್ತು. ಅಲ್ಲಿಂದ ನಾಲ್ಕು ತಾಲ್ಲೂಕಿನಲ್ಲೂ ನಮ್ಮ ಪದ್ಧತಿ ಅದೇ ಆಯಿತು. ಒಂದು ಎಚ್ಚರಿಕೆ: ನಮ್ಮ ಕಡೆ ಒಲೆಯ ಬೂದಿಯನ್ನು ತಿಪ್ಪೆಗೆ ಸುರಿಯುವುದು ರೂಢಿ. ಸೂಪರ್ ಬೆರೆಸುವ ರಾಶಿಗೆ ಮಾತ್ರ ಬೂದಿ ಸೋಕಿಸಬೇಡಿ. ಬೂದಿಯ ಸುಣ್ಣ ಫಾಸ್ಫೇಟನ್ನು ಹಿಡಿದುಕೊಂಡರೆ ಮಾಡಿದ್ದೆಲ್ಲ ವ್ಯರ್ಥ.

ಈಗ ಹನುಮಕ್ಕನ ವಿಷಯಕ್ಕೆ ಬರುತ್ತೇನೆ.

ಐ.ಡಿ.ಹಳ್ಳಿ ಹೋಬಳಿಯಲ್ಲಿ ಹೆಚ್ಚಾಗಿ ಮಳೆ ನಂಬಿದ ಹೊಲಗಳು. ಅಲ್ಲಿನ ಒಂದು ಊರಿನ ರೈತ ಹೆಂಗಸು ಹನುಮಕ್ಕನಿಗೆ ಒಂದು ಬೋರು, ಹತ್ತು ಗುಂಟೆಗೆ ಸಾಲುವಷ್ಟು ನೀರು. ಅದರಲ್ಲೇ ಕೊತ್ತಂಬರಿ, ಮೆಂತ್ಯ ಬೆಳೆದು ಬೆಳಗಿನ ಮೊದಲ ಬಸ್ಸಿಗೆ ಬಡವನಹಳ್ಳಿಗೆ ಹೊರುತ್ತಿದ್ದಳು. ಕಂಡಕ್ಟರ್ ಕುಕ್ಕೆ ಹತ್ತಿಸಿಕೊಂಡರೆ ಆ ದಿನ ವ್ಯಾಪಾರ. ಇಲ್ಲದಿದ್ದರೆ ಸೊಪ್ಪು ದನಕ್ಕೆ. "ನನ್ನ ಬದುಕು ಆ ಕಂಡಕ್ಟ್ರು ಮುಖ ನೋಡಿ ನಡೀತೈತೆ ಕಣಣ್ಣ" ಅನ್ನುತ್ತಿದ್ದಳು. ನಾನು ಲೆಟ್ಯೂಸ್ ಹಾಕು ಅಂದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಗಾಡಿ ನಮ್ಮೂರಿಗೆ ಬತ್ತದಾ?"

ಮೇಡಂ ಷರತ್ತು ಹೇಳಿದರು. ಈ ಚಳಿಗಾಲ ಆ ಊರಿನಿಂದ ಒಂದು ಕೊಯ್ಲಿಗೆ ಮೂವತ್ತು ಕ್ರೇಟು ಒಳ್ಳೆಯ ಮಾಲು ಬಂದರೆ ಕಂಪನಿಯ ಗಾಡಿ ವಾರಕ್ಕೆರಡು ಸಲ ಬರುತ್ತದೆ, ಸೊಪ್ಪು ಮಾತ್ರವಲ್ಲ, ಊರವರ ಬೇರೆ ತರಕಾರಿಯನ್ನೂ ಒಯ್ಯುತ್ತದೆ. ಬರದಿದ್ದರೆ ಆ ದಾರಿಗೆ ಮತ್ತೆ ಗಾಡಿ ಇಲ್ಲ. ಹನುಮಕ್ಕ ತನ್ನ ಹತ್ತು ಗುಂಟೆಯನ್ನೂ ಲೆಟ್ಯೂಸಿಗೆ ಕೊಟ್ಟಳು. ಕೊತ್ತಂಬರಿ ಬೀಜವನ್ನು ಡಬ್ಬಿಯಲ್ಲೇ ಉಳಿಸಿದಳು.

ಗೊಬ್ಬರ ಹೊಂದಿಸುವುದು ನನ್ನ ಪಾಲು. ಪಕ್ಕದ ಹಟ್ಟಿಯಲ್ಲಿ ಕರಿಯಣ್ಣ ಅಂತ ಕುರಿಗಾಹಿ. ಮೊದಲು ಅವನ ಮಂದೆ ಬಲಸಮುದ್ರದ ಕಡೆಯೂ ಹೋಗುತ್ತಿತ್ತು. ಅಲ್ಲಿ ಸೋಲಾರ್ ಹಲಗೆಗಳು ಎದ್ದ ಮೇಲೆ ಹಾದಿ ಬದಲಿಸಿ ಈಚೆಗೇ ಉಳಿದಿದ್ದ. ಅಷ್ಟು ವರ್ಷ ನನ್ನ ಜೊತೆ ಚೌಕಾಸಿ ಮಾಡಿದವನು. ಆ ದಿನ ನಾನು ಕಂಪನಿ ಕೊಟ್ಟ ಹೊಸ ಅಂಗಿ ಹಾಕಿದ್ದೆ. ಬಿಳಿಯದು, ಪೂರ್ತಿ ತೋಳು, ಜೇಬಿನ ಮೇಲೆ ಹಸಿರು ಎಲೆಯ ಗುರುತು.

ಕರಿಯಣ್ಣ ರೊಪ್ಪದ ಪಕ್ಕದ ರಾಶಿ ತೋರಿಸಿದ. "ಇದು ಈಗ ಬ್ಯಾಡ ಸಾಮಿ. ಕಾವು ಆರಿಲ್ಲ. ಸಂಕ್ರಾಂತಿ ಕಳೀಲಿ."

ನನ್ನ ಸೂತ್ರ ತಲೆಯಲ್ಲಿ ಗಂಟೆ ಬಾರಿಸಿತು. ಸಂಕ್ರಾಂತಿ ಕಳೆದರೆ ನನಗೆ ನೆಡುವ ಕಾಲ ಮೀರುತ್ತದೆ, ಅದು ಇವನಿಗೂ ಗೊತ್ತು. ಕಾಯಿಸಿ ಹೆಚ್ಚು ಬಳ್ಳಿ ಕೀಳುತ್ತಾನೆ ಅಂದುಕೊಂಡೆ. "ಕರಿಯಣ್ಣ, ನಂಗೇ ಯಾಪಾರ ಹೇಳ್ಕೊಡ್ತೀಯಾ? ಎಷ್ಟು ಬಳ್ಳಿ ಬೇಕು ಹೇಳು."

"ಬಳ್ಳಿ ಮಾತಲ್ಲ. ಕೈ ಹಾಕಿ ನೋಡು."

ನಾನು ಅಂಗಿಯ ತೋಳು ನೋಡಿಕೊಂಡೆ. ಬಗ್ಗಿ ರಾಶಿಯ ಮೇಲೆ ಅಂಗೈ ಇಟ್ಟೆ, ಅಷ್ಟೇ. ಮೇಲೆ ಒಣಗಿ ತಣ್ಣಗಿತ್ತು. "ಐಸ್ ಇದ್ದಂಗೈತೆ! ಮೂರು ಲೋಡು ಬಳ್ಳಿ ಬೇಕು ಅಂತೀಯ, ಅಲ್ವಾ? ಎರಡು ಕೊಡ್ತೀನಿ."

ಕರಿಯಣ್ಣ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. "ಮೂರು ಅಂತ ನಾನು ಅಂದಿಲ್ಲ, ನೀನಂದಿದ್ದು. ತಗೊಂಡೋಗು. ನಾನು ಹೇಳಿದ್ದೆ ಅನ್ನೋದ್ ಮಾತ್ರ ನೆಪ್ಪಿಟ್ಕೊ."

ಅಷ್ಟು ಬೇಗ ಅವನು ಒಪ್ಪಿದ್ದೇ ನನಗೆ ಅನುಮಾನ ತರಬೇಕಾಗಿತ್ತು. ಗೆದ್ದೆ ಅಂತ ಬೀಗುತ್ತ ಬೈಕು ಹತ್ತಿದೆ. ಬೆಂದಿರದ ಗೊಬ್ಬರಕ್ಕೆ ಸೂಪರ್ ಬೆರೆಸಿದೆ, ಮೂರು ವಾರ ಕಾಯದೆ ಮೂರೇ ದಿನಕ್ಕೆ ಸಾಲಿಗೆ ಹಾಕಿಸಿದೆ. ಸೂಪರ್ ಸೇರಿದರೆ ಕಾವು ತಾನೇ ಇಳಿಯುತ್ತದೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಯಾರೂ ಕಲಿಸದ ಪಾಠ ಅದು, ನನ್ನ ಅವಸರ ಕಲಿಸಿದ್ದು.

ನೆಟ್ಟ ಐದನೇ ದಿನ ಹನುಮಕ್ಕ ಫೋನ್ ಮಾಡಿದಳು. "ಅಣ್ಣಾ, ಬಾ."

ಮಡಿಗಳ ಮೇಲೆ ಕಟ್ಟಿದ್ದ ನೆರಳು ಬಲೆಯ ಒಳಗೆ ಕಾಲಿಡುತ್ತಿದ್ದ ಹಾಗೆ ಮೂಗಿಗೆ ಘಾಟು ಹೊಡೆಯಿತು, ಕಣ್ಣಲ್ಲಿ ನೀರು ಬಂತು. ಸಸಿಗಳ ಎಲೆಯ ಅಂಚು ಕಂದಿ ಸುರುಟಿಕೊಂಡಿತ್ತು. ಒಂದು ಸಸಿ ಕಿತ್ತು ನೋಡಿದೆ. ಬಿಳಿ ಇರಬೇಕಾದ ಬೇರು ಚಹಾ ಪುಡಿಯ ಬಣ್ಣಕ್ಕೆ ತಿರುಗಿತ್ತು. ಕಾಲಿನ ಕೆಳಗಿನ ಮಣ್ಣು ಬೆಚ್ಚಗಿತ್ತು. ಗೊಬ್ಬರ ಒಳಗೆ ಇನ್ನೂ ಬೇಯುತ್ತಿದೆ ಅಂತ ಗೊತ್ತಾಯಿತು. ಹನುಮಕ್ಕ ಬಗ್ಗಿ ಇನ್ನೊಂದು ಸಸಿ ಕಿತ್ತು ನನ್ನ ಕೈಗಿಟ್ಟಳು.

ಆ ಮಧ್ಯಾಹ್ನವೇ ಮೇಡಂ ಬಂದರು. ಸಸಿ ನೋಡಿದರು, ಮಣ್ಣು ಕೆದಕಿದರು. "ಗೊಬ್ಬರ ಎಷ್ಟು ದಿನದ್ದು ರಂಗಣ್ಣ?"

ನನ್ನ ಬಾಯಿಂದ ಬಂದದ್ದು: "ಹಳೇದೇ ಮೇಡಂ. ಸಸಿಗಳೇ ಸರಿ ಇಲ್ಲ. ನರ್ಸರಿಯವರದ್ದೇ ಏನೋ."

ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಆದರೆ ಈ ಕೆಲಸಕ್ಕೆ ಬರುವವರಿಗೆ ನನ್ನ ಸರ್ವೀಸಿನಲ್ಲಿ ಉಪಯೋಗಕ್ಕೆ ಬರುವ ಭಾಗ ಅಂದರೆ ಇದೇ. ಮೇಡಂ ನನ್ನ ಮಾತು ನಂಬಿದರು. "ಹಾಗಾದ್ರೆ ಬೇರೆ ಟ್ರೇಗಳನ್ನ ನಾಳೇನೇ ಕಳಿಸ್ತೀನಿ, ಖಾಲಿ ಜಾಗಕ್ಕೆಲ್ಲ ನೆಟ್ಟುಬಿಡಿ" ಅಂದು ಜೀಪಿನ ಕಡೆ ನಡೆದರು.

ಅವರು ಇಪ್ಪತ್ತು ಹೆಜ್ಜೆ ಹೋದ ಮೇಲೆ ಹನುಮಕ್ಕ ಬಾಯಿ ತೆರೆದಳು. ದನಿ ಏರಿಸಲಿಲ್ಲ. "ಅಣ್ಣಾ, ನೀನು ಅಂಗಂದ್ರೆ ಆಯಮ್ಮ ಹೊಸ ಸಸಿ ಕಳಿಸ್ತಾಳೆ. ಅವೂ ಇದೇ ಬೆಂಕಿಗೆ ಬೀಳ್ತವೆ. ಆಮೇಲೆ ಸಸಿ ಇರಲ್ಲ, ಕಾಲ ಇರಲ್ಲ, ಗಾಡಿ ಇರಲ್ಲ. ನಿನ್ನ ಮರ್ಯಾದೆ ಒಂದು ಇರ್ತದೆ. ಅದನ್ನ ಕ್ರೇಟಿಗೆ ತುಂಬ್ಲಾ?"

ಜೀಪು ಸ್ಟಾರ್ಟ್ ಆದ ಶಬ್ದ ಕೇಳಿತು. ನಾನು ಓಡಿದೆ. ಆ ವಯಸ್ಸಿಗೆ, ಆ ಹೊಟ್ಟೆಗೆ, ಬದುವಿನ ಮೇಲೆ ಓಡಿ ಜೀಪಿನ ಬಾನೆಟ್ಟಿಗೆ ಕೈ ಬಡಿದು ನಿಲ್ಲಿಸಿದೆ. ಏದುಸಿರು ಬಿಡುತ್ತಲೇ ಎಲ್ಲ ಹೇಳಿದೆ. ಕರಿಯಣ್ಣ ಬೇಡ ಅಂದದ್ದು, ನಾನು ಅಂಗಿ ಕೊಳೆಯಾದೀತು ಅಂತ ಕೈ ಹಾಕದೇ ಇದ್ದದ್ದು, ಮೂರು ವಾರ ಮೂರು ದಿನವಾದದ್ದು.

ಮೇಡಂ ಇಂಜಿನ್ ಆರಿಸಿದರು. ಆಮೇಲೆ, "ಇದನ್ನ ಜನ ಹಸಿಯಾಗಿ ತಿಂತಾರೆ ರಂಗಣ್ಣ" ಅಂದರು. ಅಷ್ಟೇ ಬೈಗುಳ. ಇಷ್ಟು ವರ್ಷದಲ್ಲಿ ನಾನು ತಿಂದ ಏಟುಗಳಲ್ಲಿ ಅದೇ ಜೋರಾದದ್ದು.

ಆಮೇಲೆ ಜೀಪಿನಿಂದಿಳಿದು ದಾರಿ ಹೇಳಿದರು. ಸಾಲು ಬಿಡಿಸಿ ಗೊಬ್ಬರವನ್ನೆಲ್ಲ ಬಾಚಿ ಹೊರಗೆ ಹಾಕಬೇಕು. ಅದು ಮುಂದಿನ ವರ್ಷದ ರಾಗಿ ಹೊಲಕ್ಕಾಯಿತು. ಮಡಿಗೆ ಚೆನ್ನಾಗಿ ನೀರು ಬಿಟ್ಟು ಆರಲು ಬಿಡಬೇಕು. ಅಷ್ಟರೊಳಗೆ ನಿಜವಾಗಿ ಕಳಿತ ಗೊಬ್ಬರ ಹುಡುಕಿ ಸೂಪರ್ ಬೆರೆಸಿ ಮುಚ್ಚಿಡಬೇಕು. ಮೂರು ವಾರಕ್ಕೆ ಹೊಸ ಸಸಿ. "ಶಿವರಾತ್ರಿ ಬಿಸಿಲಿಗೆ ಮೊದಲು ಕೊಯ್ಲು ಮುಗಿಯಬೇಕು. ಒಂದು ದಿನಾನೂ ಕಳೆಯೋ ಹಾಗಿಲ್ಲ."

ಕಳಿತ ಗೊಬ್ಬರ ಹತ್ತಿರದಲ್ಲಿ ಇದ್ದದ್ದು ಒಂದೇ ಕಡೆ: ಕರಿಯಣ್ಣ ಎರಡು ಮಳೆಗಾಲದ ಹಿಂದೆ ಬಿಟ್ಟುಬಂದ ಹಳೆಯ ರೊಪ್ಪದಲ್ಲಿ. ಮರುದಿನ ಬೆಳಗ್ಗೆ ಅವನ ಮುಂದೆ ನಿಂತೆ, ಅರ್ಧ ತೋಳಿನ ಅಂಗಿಯಲ್ಲಿ. ಹನುಮಕ್ಕನೂ ಬಂದಿದ್ದಳು. ಕರಿಯಣ್ಣ ನನ್ನ ತೋಳು ನೋಡಿದ. ಹಳೆಯ ರೊಪ್ಪದವರೆಗೆ ಮೂವರೂ ನಡೆದೆವು.

ಮಂಡಿಯೂರಿ ಕೂತು ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸಿದೆ. ತಣ್ಣಗಿತ್ತು, ಬೆಳಗಿನ ಹೊತ್ತಿನ ಮಡಕೆಯ ನೀರಿನಷ್ಟು ತಣ್ಣಗೆ. ಒಂದು ಹಿಡಿ ತೆಗೆದು ಮೂಸಿದರೆ ಕುರಿಯ ವಾಸನೆ ಹೋಗಿ ಮೊದಲ ಮಳೆಯ ಮಣ್ಣಿನ ವಾಸನೆ ಬಂದಿತ್ತು.

"ಎಷ್ಟು ಬಳ್ಳಿ ಕರಿಯಣ್ಣ?"

"ನೀನೇ ಹೇಳು."

ಜೀವಮಾನದಲ್ಲಿ ನನಗೆ ಯಾರೂ ಹಾಗಂದಿರಲಿಲ್ಲ. ಎದುರಿನವನು ಒಂದು ಹೇಳಿದರೆ ಇಳಿಸುವುದು ಗೊತ್ತು. ಹೇಳದೇ ಇದ್ದರೆ ಏನು ಮಾಡುವುದು? "ನಾಲ್ಕು ಲೋಡು" ಅಂದೆ.

"ಜಾಸ್ತಿಯಾಯ್ತು. ಮೂರು ಸಾಕು."

"ನಾಲ್ಕು ತಗೊ ಕಣಯ್ಯ. ಅವತ್ತಿಂದೂ ಸೇರಿ."

"ಮೂರು ಅಂದ್ರೆ ಮೂರೇ. ಮೇಲೆ ಒಂದು ಕೂಡ ಬ್ಯಾಡ."

ಹನುಮಕ್ಕ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗಲು ಶುರುಮಾಡಿದಳು. "ಅಯ್ಯೋ ನಿಮ್ಮ, ಯಾಪಾರ ತಲೆಕೆಳಗಾಗೋಯ್ತಲ್ರೋ! ಬೇಗ ಮುಗಿಸ್ರಪ್ಪ, ನನ್ನ ಮಡಿ ಕಾಯ್ತೈತೆ." ಮೂರಕ್ಕೇ ನಿಂತಿತು. ನಾನು ಸೋತು ಇಷ್ಟು ಹಗುರವಾದ ವ್ಯಾಪಾರ ಬೇರೊಂದಿಲ್ಲ.

ಈ ಸಲ ಮೇಡಂ ಇನ್ನೊಂದು ಪರೀಕ್ಷೆಯನ್ನೂ ಕಲಿಸಿದರು. ಒಂದು ಹಳೆಯ ತೆಂಗಿನ ಚಿಪ್ಪಿನಲ್ಲಿ ಆ ಗೊಬ್ಬರ ತುಂಬಿ, ತೇವ ಮಾಡಿ, ನಾಲ್ಕು ಕಾಳು ರಾಗಿ ಹಾಕುವುದು. ನಾಲ್ಕನೇ ದಿನಕ್ಕೆ ಮೊಳಕೆ ಬಿಳಿ ಬೇರು ಬಿಟ್ಟುಕೊಂಡು ನಿಂತರೆ ಗೊಬ್ಬರ ಬೆಂದಿದೆ. ಕಂದಿದರೆ ಇನ್ನೂ ಕಾಯಬೇಕು. ಹನುಮಕ್ಕನ ಚಿಪ್ಪಿನಲ್ಲಿ ಹಸಿರು ಎದ್ದು ನಿಂತಿತ್ತು. ಗೋಣಿಯ ಕೆಳಗೆ ಸೂಪರ್ ಸೇರಿದ ಗೊಬ್ಬರ ಮೂರು ವಾರ ಮಲಗಿತು. ಅವಳು ದಿನಾ ಬೆಳಗ್ಗೆ ಗೋಣಿ ಎತ್ತಿ ಬಳೆ ಹಿಂದಕ್ಕೆ ಸರಿಸಿ ಕೈ ಹಾಕಿ ನೋಡುತ್ತಿದ್ದಳು. ನನ್ನನ್ನು ಕೇಳುತ್ತಿರಲಿಲ್ಲ.

ಶಿವರಾತ್ರಿಗೆ ನಾಲ್ಕು ದಿನ ಮುಂಚೆ ಕೊಯ್ದೆವು. ಇಬ್ಬನಿ ಆರುವ ಮೊದಲೇ ಶುರು. ಒಂದೊಂದು ಗಿಡದ ಬುಡ ಕತ್ತರಿಸಿದಾಗ ಹಾಲಿನಂಥ ರಸ ಒಸರುತ್ತಿತ್ತು, ಎಲೆ ಮುರಿದರೆ ಚಟ್ ಅನ್ನುತ್ತಿತ್ತು. ಇಪ್ಪತ್ತೊಂಬತ್ತು ಕ್ರೇಟು ತುಂಬಿದವು. ಮಡಿ ಖಾಲಿ. ಹನುಮಕ್ಕ ಬಲೆಯ ಮೂಲೆಗೆ ಹೋಗಿ, ನೀರಿನ ಪೈಪಿನ ಬಾಯಲ್ಲಿ ತಾನು ಸುಮ್ಮನೆ ಊರಿದ್ದ ಮಿಕ್ಕ ಸಸಿಗಳನ್ನು ಕಿತ್ತು ತಂದಳು. ಕ್ರೇಟು ಮುಕ್ಕಾಲು ತುಂಬಿತು. ಮೇಡಂ ಅದನ್ನು ಎತ್ತಿ ಗಾಡಿಗಿಟ್ಟು, "ಮೂವತ್ತು" ಅಂದರು. ನಾನು ಅವರ ಮುಖ ನೋಡಿದೆ. ಅವರು ನೋಡಲಿಲ್ಲ.

ಗಾಡಿ ಈಗಲೂ ಆ ಊರಿಗೆ ಹೋಗುತ್ತದೆ. ನಾನು ಹೋಗುವುದಿಲ್ಲ, ನಿವೃತ್ತಿಯಾಗಿ ಮಧುಗಿರಿಯಲ್ಲಿ ಬೆಟ್ಟ ನೋಡಿಕೊಂಡು ಕೂತಿದ್ದೇನೆ. ಹೊಸಬರ ಕೈಯಲ್ಲಿ ಚೀಲ ಕಟ್ಟಿದ ಕಾಂಪೋಸ್ಟು, ನೀರಿನಲ್ಲಿ ಕರಗಿಸಿ ಡ್ರಿಪ್ಪಿನಲ್ಲಿ ಬಿಡುವ ಫಾಸ್ಫೇಟು ಬಂದಿವೆ. ಒಳ್ಳೆಯದೇ. ಆದರೂ ಆ ಬೆಳಗಿನ ರೊಪ್ಪಗಳ ವಾಸನೆ, ಬಾಬು ಸಾಬರ "ಜಲ್ದಿ ಮಾಡು", ಬದುವಿನ ಮೇಲಿನ ಮೇಡಂ ಪಾಠ, ಇವೆಲ್ಲ ಚೀಲದಲ್ಲಿ ಬರುವುದಿಲ್ಲ.

ಹೋದ ಕಾರ್ತಿಕದಲ್ಲಿ ಆ ಕಡೆ ಒಂದು ಮದುವೆಗೆ ಹೋದವನು ಹನುಮಕ್ಕನ ತೋಟಕ್ಕೂ ಹೋದೆ. ಕೂದಲು ಪೂರ್ತಿ ಬೆಳ್ಳಗಾಗಿದೆ, ಬಾಯಿ ಹಾಗೇ ಇದೆ. ಕಾಫಿಗೂ ಮೊದಲು ತಿಪ್ಪೆಯ ಹತ್ತಿರ ಕರೆದೊಯ್ದಳು. "ಕೈ ಹಾಕಣ್ಣ. ನಾಳೆ ಸೂಪರ್ ಬೆರೆಸ್ಬೇಕು ಅಂತಿದ್ದೀನಿ."

ಮದುವೆಯ ಅಂಗಿ, ಪೂರ್ತಿ ತೋಳು. ಮಡಿಸಿದೆ. ಕೈ ಇಳಿಸಿದೆ. ತಳದಲ್ಲಿ ಸಣ್ಣಗೆ ಕಾವಿತ್ತು.

"ಬ್ಯಾಡ ಹನುಮಕ್ಕ. ಇನ್ನೂ ಒಂದು ತಿಂಗಳು ಬುಡು."

ಅವಳು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. "ಇದು ನಿಜಾನೋ, ಯಾಪಾರಾನೋ?"

ನಾನು ಕೈ ಹೊರಗೆ ತೆಗೆದು ಪಕ್ಕಕ್ಕೆ ಸರಿದು ಜಾಗ ಬಿಟ್ಟೆ. ಅವಳು ಬಳೆಗಳನ್ನು ಮೊಣಕೈಯಾಚೆ ಸರಿಸಿ, ನನ್ನ ಕೈ ಮಾಡಿದ್ದ ತೂತಿನೊಳಗೇ ತನ್ನ ಕೈ ಇಳಿಸಿ, ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು.

"ನಿಜ" ಅಂದಳು. "ಬಾ, ಕಾಫಿ ಕುಡಿ."